ಕರುಳಿನ ಹುಣ್ಣು: ಇಬ್ನು ಸೀನಾರಿಂದ ಮೈಕ್ರೋ ಆರ್‌ಎನ್‌ಎವರೆಗೆ

ಸಕಲೇಶಪುರ, ಆಲೂರು ಕಡೆಯ ತೋಟಗಳಲ್ಲಿ ಯಾರಿಗಾದರೂ ಭೇದಿಯಲ್ಲಿ ರಕ್ತ ಕಂಡರೆ ಮೊದಲು ಬರುವ ಮಾತು ‘ಉಷ್ಣ ಆಗಿದೆ’ ಎಂಬುದು. ಆಮೇಲೆ ಆಮಶಂಕೆ ಎನ್ನುತ್ತಾರೆ, ಮೂಲವ್ಯಾಧಿ ಎನ್ನುತ್ತಾರೆ. ಎಷ್ಟೋ ಸಲ ಅದು ನಿಜವೂ ಹೌದು. ಆದರೆ ತಿಂಗಳುಗಟ್ಟಲೆ ಭೇದಿ, ಹೊಟ್ಟೆನೋವು, ಜ್ವರ ಹೋಗಿ ಬಂದು ಮಾಡುತ್ತಾ ದೇಹ ಸೊರಗುತ್ತಿದ್ದರೆ ಅದು ಬೇರೆಯೇ ಕಾಯಿಲೆ ಇರಬಹುದು. ವೈದ್ಯರು ಅದನ್ನು ಕರುಳಿನ ಉರಿಯೂತದ ಕಾಯಿಲೆ, ಚುಟುಕಾಗಿ ಐಬಿಡಿ ಎನ್ನುತ್ತಾರೆ. ಇದರಲ್ಲಿ ಮುಖ್ಯವಾದವು ಎರಡು: ಅಲ್ಸರೇಟಿವ್ ಕೊಲೈಟಿಸ್ ಮತ್ತು ಕ್ರೋನ್ಸ್ ಕಾಯಿಲೆ. ರೋಗಾಣುಗಳ ವಿರುದ್ಧ ಹೋರಾಡಬೇಕಾದ ರಕ್ಷಣಾ ವ್ಯವಸ್ಥೆ ಹದ ತಪ್ಪಿ ಕರುಳಿಗೇ ಹಾನಿ ಮಾಡುವುದು ಇದರ ಲಕ್ಷಣ.

ಕರುಳಿನ ಹುಣ್ಣು ಹೊಸದೇನಲ್ಲ. ‘ಅಲ್ ಖಾನೂನ್’ ಬರೆದ ಮಹಾವೈದ್ಯ ಇಬ್ನು ಸೀನಾ 1037ರಲ್ಲಿ ಹಮದಾನ್‌ನಲ್ಲಿ ತೀರಿಕೊಂಡದ್ದು ಹೊಟ್ಟೆಯ ಕಾಯಿಲೆಯಿಂದಲೇ. ಸೇನೆಯೊಂದಿಗೆ ಹೊರಡುವ ಅವಸರದಲ್ಲಿ ಅವರು ಒಂದೇ ದಿನ ಎಂಟು ಬಾರಿ ಎನಿಮಾ ತೆಗೆದುಕೊಂಡರು, ಅದರಿಂದ ಕರುಳು ಹುಣ್ಣಾಯಿತು ಎಂದು ಶಿಷ್ಯ ಅಲ್ ಜುಝ್‌ಜಾನಿ ಬರೆದಿಟ್ಟಿದ್ದಾರೆ. ಅವರಿಗಿದ್ದದ್ದು ಐಬಿಡಿ ಎನ್ನಲು ಆಧಾರವಿಲ್ಲ. ಆದರೆ ಅಷ್ಟು ದೊಡ್ಡ ವೈದ್ಯರಿಗೂ ತಮ್ಮ ಕರುಳನ್ನು ಅವಸರದಿಂದ ಗುಣಪಡಿಸಲು ಆಗಲಿಲ್ಲ ಎಂಬುದು ಗಮನಾರ್ಹ.

1859ರಲ್ಲಿ ಲಂಡನ್ನಿನ ಸ್ಯಾಮ್ಯುಯೆಲ್ ವಿಲ್ಕ್ಸ್, ಮೃತ ಮಹಿಳೆಯೊಬ್ಬರ ಕರುಳಿನ ಹುಣ್ಣುಗಳು ಮಾಮೂಲಿ ಆಮಶಂಕೆಯವಲ್ಲ ಎಂದು ದಾಖಲಿಸಿದರು. 1913ರಲ್ಲಿ ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಡಾಲ್ಜಿಯೆಲ್, ನೋಡಲು ಕ್ಷಯದಂತಿದ್ದರೂ ಕ್ಷಯದ ರೋಗಾಣು ಸಿಗದ ಕರುಳಿನ ಕಾಯಿಲೆಯೊಂದನ್ನು ವಿವರಿಸಿದರು. 1932ರಲ್ಲಿ ನ್ಯೂಯಾರ್ಕ್‌ನ ಕ್ರೋನ್, ಗಿನ್ಸ್‌ಬರ್ಗ್, ಒಪೆನ್‌ಹೈಮರ್ ಅಂಥದ್ದೇ 14 ರೋಗಿಗಳ ವಿವರ ಪ್ರಕಟಿಸಿದರು. ಕಾಯಿಲೆಗೆ ಕ್ರೋನ್ ಅವರ ಹೆಸರು ಉಳಿಯಿತು.

ಕ್ಷಯವೋ ಕ್ರೋನ್ಸೋ ಎಂಬ ಈ ಗೊಂದಲ ನಮ್ಮ ದೇಶದಲ್ಲಿ ಇಂದಿಗೂ ಮುಗಿದಿಲ್ಲ. ಕ್ಷಯವನ್ನು ಎದುರಿಸಲು 1959ರಲ್ಲೇ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾದ ನಾಡು ನಮ್ಮದು. ಕರುಳಿನ ಕ್ಷಯವೂ ಇಲ್ಲಿ ಅಪರೂಪವಲ್ಲ. ಎರಡರಲ್ಲೂ ಹೊಟ್ಟೆನೋವು, ಜ್ವರ, ತೂಕ ಇಳಿಕೆ ಇರುತ್ತವೆ. ಕ್ರೋನ್ಸ್‌ಗೆ ಕ್ಷಯದ ಮಾತ್ರೆ ಕೊಟ್ಟರೆ ತಿಂಗಳುಗಳು ವ್ಯರ್ಥವಾಗಿ ಕರುಳು ಕಿರಿದಾಗುತ್ತಾ ಹೋಗಬಹುದು. ಕ್ಷಯಕ್ಕೆ ಸ್ಟಿರಾಯ್ಡ್ ಕೊಟ್ಟರೆ ರೋಗ ಉಲ್ಬಣಿಸಬಹುದು. ಎರಡೂ ತಪ್ಪುಗಳಿಗೆ ಬೆಲೆ ತೆರುವವನು ರೋಗಿಯೇ.

ಈ ಚರಿತ್ರೆಗೆ ಹೊಸ ಅಧ್ಯಾಯ ಸೇರಿಸಿದ್ದು ಒಂದು ಮಿಲಿಮೀಟರ್ ಉದ್ದದ ಹುಳು. 1993ರಲ್ಲಿ ಅಮೆರಿಕದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕನ್ ಆ ಹುಳುವಿನಲ್ಲಿ, ಪ್ರೋಟೀನು ತಯಾರಿಸದ ಒಂದು ಪುಟ್ಟ ಆರ್‌ಎನ್‌ಎ ತುಣುಕಿನ ಕೆಲಸವನ್ನು ಗುರುತಿಸಿದರು. ಅದರ ಉದ್ದ ಕೇವಲ 22 ಅಕ್ಷರಗಳಷ್ಟು. ಇದು ಹುಳುವಿನ ವಿಶೇಷವಿರಬೇಕೆಂದು ಹಲವರು ಸುಮ್ಮನಾದರು. 2000ದಲ್ಲಿ ಅಂಥದ್ದೇ ಇನ್ನೊಂದು ತುಣುಕು ಮನುಷ್ಯರಲ್ಲೂ ಇರುವುದು ಗೊತ್ತಾದಾಗ ಎಲ್ಲರೂ ಎಚ್ಚೆತ್ತರು. 2024ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಇವು ಮಾಡುವ ಕೆಲಸವೇನು? ತೋಟದವರಿಗೆ ಮರಗಸಿ ಗೊತ್ತು. ನೆರಳಿನ ಮರವನ್ನು ಕಡಿದುಹಾಕದೆ, ಕೊಂಬೆ ಸವರಿ ನೆರಳನ್ನು ಹದಕ್ಕೆ ತರುತ್ತಾರೆ. ಮೈಕ್ರೋ ಆರ್‌ಎನ್‌ಎ ಕೂಡ ಜೀನನ್ನು ಮುಟ್ಟುವುದಿಲ್ಲ. ಜೀನು ಕಳಿಸಿದ ಸಂದೇಶಕ್ಕೆ ಅಂಟಿಕೊಂಡು ಪ್ರೋಟೀನಿನ ಉತ್ಪಾದನೆಯನ್ನು ತಗ್ಗಿಸುತ್ತದೆ. ಈ ಹದ ತಪ್ಪಿದರೆ ಉರಿಯೂತದ ಪ್ರೋಟೀನುಗಳು ಮಿತಿಮೀರಬಹುದು.

2008ರಲ್ಲಿ ಅಮೆರಿಕದ ಸಂಶೋಧಕರು ಅಲ್ಸರೇಟಿವ್ ಕೊಲೈಟಿಸ್ ರೋಗಿಗಳ ಕರುಳಿನಲ್ಲಿ 11 ಮೈಕ್ರೋ ಆರ್‌ಎನ್‌ಎಗಳ ಪ್ರಮಾಣ ಬದಲಾಗಿರುವುದನ್ನು ಕಂಡರು. ಎಂಟು ಹೆಚ್ಚಾಗಿದ್ದವು, ಮೂರು ಕಡಿಮೆಯಾಗಿದ್ದವು. ಕಡಿಮೆಯಾದವುಗಳಲ್ಲಿ ಒಂದಾದ ಮಿರ್-192, ಉರಿಯೂತದ ಕಣಗಳನ್ನು ಕರೆತರುವ ಪ್ರೋಟೀನೊಂದನ್ನು ಹಿಡಿತದಲ್ಲಿಡುವಂಥದ್ದು. ಮುಂದೆ ಮಿರ್-155, ಮಿರ್-124 ಪಟ್ಟಿಗೆ ಸೇರಿದವು. ಮಿರ್-124ರ ಪ್ರಮಾಣ ಹೆಚ್ಚಿಸುವ ಒಬೆಫಾಜಿಮೋಡ್ ಎಂಬ ಗುಳಿಗೆಯ ಮೂರನೇ ಹಂತದ ಪ್ರಯೋಗಗಳಲ್ಲಿ 2025ರಲ್ಲಿ ಆಶಾದಾಯಕ ಫಲಿತಾಂಶ ಬಂತು. ಕ್ಷಯ ಮತ್ತು ಕ್ರೋನ್ಸ್ ಬೇರ್ಪಡಿಸಲೂ ಈ ತುಣುಕುಗಳು ನೆರವಾಗಬಹುದೇ ಎಂಬ ಹುಡುಕಾಟವಿದೆ. ಆದರೆ ಆಸ್ಪತ್ರೆಗಳಲ್ಲಿ ದಿನನಿತ್ಯ ಬಳಸುವ ಅಂಥ ಪರೀಕ್ಷೆ ಇನ್ನೂ ಬಂದಿಲ್ಲ. ಕೊಲೊನೋಸ್ಕೋಪಿ ಮಾಡಿ ಕರುಳಿನ ಚೂರು ತೆಗೆದು ಪರೀಕ್ಷಿಸುವುದೇ ಇಂದಿಗೂ ಮುಖ್ಯ ದಾರಿ.

ಆ ದಾರಿ ಮಲೆನಾಡಿನವರಿಗೆ ಸುಲಭದ್ದಲ್ಲ. ಹಾಸನದಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಬಂದದ್ದು 2006ರಲ್ಲಿ. ಹೆಚ್ಚಿನ ತಜ್ಞರು ಬೇಕಾದರೆ ಬೆಂಗಳೂರಿಗೋ, ಶಿರಾಡಿ ಘಾಟಿ ಇಳಿದು ಮಂಗಳೂರಿಗೋ ಹೋಗಬೇಕು. 2018 ಮತ್ತು 2024ರ ಮಳೆಗಾಲದಲ್ಲಿ ಘಾಟಿಯಲ್ಲಿ ಗುಡ್ಡ ಕುಸಿದು ಆ ರಸ್ತೆಯೂ ಮುಚ್ಚಿತ್ತು. ದಿನಗೂಲಿ ಬಿಟ್ಟು ಹೋಗಬೇಕಾದ ಕಾರ್ಮಿಕನಿಗೆ ಬಸ್ಸಿನ ಖರ್ಚೂ ಒಂದು ಲೆಕ್ಕವೇ.

ಇದರ ಜೊತೆಗೆ ನಾಚಿಕೆಯೂ ಇದೆ. ಮಲದಲ್ಲಿ ರಕ್ತ ಬರುವುದನ್ನು ಹೆಂಗಸರು ಗಂಡನಿಗೂ ಹೇಳದೆ ವರ್ಷ ಕಳೆಯುತ್ತಾರೆ. ಗಂಡಸರು ಮೆಡಿಕಲ್ ಶಾಪಿನ ಮಾತ್ರೆಯಲ್ಲೇ ದಿನ ದೂಡುತ್ತಾರೆ. ಹುಳುವಿನ ಚಿಕ್ಕ ತುಣುಕನ್ನು ಕ್ಷುಲ್ಲಕವೆಂದು ಬಿಟ್ಟಿದ್ದ ವಿಜ್ಞಾನ ಏಳು ವರ್ಷ ಕಳೆದುಕೊಂಡಿತು. ವಾರಗಟ್ಟಲೆ ಕಾಣುವ ರಕ್ತವನ್ನು ಕ್ಷುಲ್ಲಕವೆಂದು ಬಿಟ್ಟವರು ಕರುಳನ್ನೇ ಕಳೆದುಕೊಳ್ಳಬಹುದು. ಹೊಸ ಔಷಧಿ ನಮ್ಮ ಬೆಟ್ಟಗಳಿಗೆ ಯಾವಾಗ ತಲುಪುವುದೋ, ಮನೆಯಲ್ಲಿ ಮುಚ್ಚುಮರೆಯಿಲ್ಲದೆ ಮಾತಾಡಿ ಸಮಯಕ್ಕೆ ಸರಿಯಾಗಿ ವೈದ್ಯರ ಬಳಿ ಹೋಗುವುದಂತೂ ಇಂದೇ ನಮ್ಮ ಕೈಯಲ್ಲಿದೆ.