ಹಲ್ಲಿನ ಅಳತೆಗೆ ಸ್ಕ್ಯಾನರ್: ಎಲ್ಲಿ ಅನುಕೂಲ, ಎಲ್ಲಿ ತೊಡಕು?

ಹಲ್ಲಿಗೆ ಕ್ಯಾಪ್ ಹಾಕಿಸಿಕೊಂಡವರಿಗೆ ಮೆತ್ತನೆಯ ಪೇಸ್ಟ್ ತುಂಬಿದ ಟ್ರೇಯನ್ನು ಬಾಯೊಳಗೆ ಒತ್ತಿ ಅಳತೆ ತೆಗೆದದ್ದು ನೆನಪಿರುತ್ತದೆ. ಕೆಲವರಿಗೆ ವಾಂತಿ ಬಂದಂತಾಗುವುದೂ ಉಂಟು. ಹಲವು ಕ್ಲಿನಿಕ್‌ಗಳಲ್ಲಿ ಈಗ ಆ ಕೆಲಸಕ್ಕೆ ಇಂಟ್ರಾಓರಲ್ ಸ್ಕ್ಯಾನರ್ ಬಂದಿದೆ. ಇದು ಎಕ್ಸ್‌ರೇ ಅಲ್ಲ. ಕೈಯಲ್ಲಿ ಹಿಡಿಯುವ ಸಾಧನದ ತುದಿಯಿಂದ ಹಲ್ಲಿನ ಮೇಲೆ ಬೆಳಕು ಬೀಳುತ್ತದೆ. ಕ್ಯಾಮೆರಾ ಒಂದರ ಹಿಂದೊಂದು ತೆಗೆದ ಚಿತ್ರಗಳನ್ನು ಸಾಫ್ಟ್‌ವೇರ್ ಜೋಡಿಸಿ ತ್ರೀಡಿ ಮಾದರಿ ಸಿದ್ಧಪಡಿಸುತ್ತದೆ. ಆಲ್ಜಿನೇಟ್ ಅಚ್ಚಿನಂತೆ ಒಣಗಿ ಕುಗ್ಗುವ ಭಯವಿಲ್ಲ. ಎಲ್ಲಾದರೂ ಬಿಟ್ಟುಹೋಗಿದ್ದರೆ ಆ ಭಾಗವನ್ನಷ್ಟೇ ಮತ್ತೆ ಸ್ಕ್ಯಾನ್ ಮಾಡಿದರಾಯಿತು.

ತಂತ್ರ ತೀರಾ ಹೊಸದೇನಲ್ಲ. ಜ್ಯೂರಿಕ್ ವಿಶ್ವವಿದ್ಯಾಲಯದಲ್ಲಿ ವರ್ನರ್ ಮೋರ್ಮನ್ ಮತ್ತು ಮಾರ್ಕೊ ಬ್ರಾಂಡೆಸ್ಟಿನಿ ರೂಪಿಸಿದ ಸೆರೆಕ್ ಯಂತ್ರವನ್ನು 1985ರಲ್ಲೇ ರೋಗಿಯ ಚಿಕಿತ್ಸೆಗೆ ಬಳಸಲಾಗಿತ್ತು.

ಆದರೆ ಸ್ಕ್ಯಾನರ್ ಅಳೆಯುವುದು ಕಣ್ಣಿಗೆ ಬಿದ್ದದ್ದನ್ನು ಮಾತ್ರ. ಅರೆದ ಹಲ್ಲಿನ ಅಂಚು ಒಸಡಿನ ಕೆಳಗಿದ್ದರೆ, ರಕ್ತವೋ ಜೊಲ್ಲೋ ಅದನ್ನು ಮುಚ್ಚಿದ್ದರೆ ಅಳತೆ ತಪ್ಪುತ್ತದೆ. ಅಂಚು ಸರಿಯಾಗಿ ಕೂರದ ಕ್ಯಾಪ್‌ನ ಅಡಿಯಲ್ಲಿ ಹಲ್ಲು ಮತ್ತೆ ಹುಳುಕಾಗಬಹುದು. ಒಂದೆರಡು ಹಲ್ಲಿಗೆ ಅಳತೆ ನಿಖರ. ಇಡೀ ದವಡೆಗೆ ಚಿತ್ರ ಜೋಡಿಸುತ್ತ ಹೋದಂತೆ ಸಣ್ಣ ತಪ್ಪುಗಳು ಸೇರಿಕೊಳ್ಳುತ್ತವೆ. ಹಲ್ಲೇ ಇಲ್ಲದ ಬಾಯಲ್ಲಂತೂ ಜೋಡಣೆಗೆ ಗುರುತುಗಳೇ ಕಡಿಮೆ, ಒಸಡು ಮೆತ್ತಗೆ ಅಲುಗುತ್ತದೆ. ಪೂರ್ತಿ ಹಲ್ಲಿನ ಸೆಟ್ ಮಾಡುವಾಗ ಅನೇಕ ದಂತವೈದ್ಯರು ಇಂದಿಗೂ ಹಳೆಯ ಟ್ರೇಯನ್ನೇ ಹಿಡಿಯುತ್ತಾರೆ.