ಅಲೀಗಢದ ಗೆಜೆಟ್‌ನಿಂದ ವಾಟ್ಸಾಪ್ ಗುಂಪಿನವರೆಗೆ

ಅಕ್ಟೋಬರ್ 17 ಬಂತೆಂದರೆ ನಮ್ಮ ವಿದ್ಯಾಸಂಸ್ಥೆಗಳಲ್ಲಿ ಸರ್ ಸಯ್ಯದ್ ಅಹ್ಮದ್ ಖಾನರ ನೆನಪು ನಡೆಯುತ್ತದೆ. ಅವರ ಕಾಲೇಜಿನ ಕತೆ ವಿದ್ಯಾರ್ಥಿಗಳಿಗೆ ಬಾಯಿಪಾಠ. ಆದರೆ ಕಾಲೇಜಿಗಿಂತ ಮೊದಲು ಅವರು ಕಟ್ಟಿದ್ದು ಪತ್ರಿಕೆಯನ್ನು. 1866ರಲ್ಲಿ ಅಲೀಗಢ ಇನ್‌ಸ್ಟಿಟ್ಯೂಟ್ ಗೆಜೆಟ್ ಉರ್ದು ಮತ್ತು ಇಂಗ್ಲಿಷ್ ಎರಡರಲ್ಲೂ ಹೊರಬಂತು. ಇಂಗ್ಲೆಂಡ್ ಪ್ರವಾಸ ಮುಗಿಸಿ ಬಂದವರು 1870ರ ಡಿಸೆಂಬರ್ 24ರಂದು 'ತಹಝೀಬುಲ್ ಅಖ್ಲಾಕ್' ಆರಂಭಿಸಿದರು. ಶಾಲೆಯ ಬಾಗಿಲು ತೆರೆದದ್ದು 1875ರ ಮೇ 24ರಂದು. ಅಂದರೆ ಮೊದಲ ಮಗು ಬೆಂಚಿನ ಮೇಲೆ ಕೂರುವ ಒಂಬತ್ತು ವರ್ಷಗಳ ಮೊದಲಿನಿಂದಲೂ ಅವರು ಜನರ ಜೊತೆ ಮಾತನಾಡುತ್ತಲೇ ಇದ್ದರು. ಕುಫ್ರ್‌ನ ಫತ್ವಾಗಳು ಬಂದವು, ಕಾನ್ಪುರದಿಂದ ಅವರನ್ನು ಖಂಡಿಸಲೆಂದೇ ಪತ್ರಿಕೆಗಳು ಹುಟ್ಟಿದವು. ಅವರು ಲೇಖನದಲ್ಲೇ ಉತ್ತರ ಕೊಟ್ಟರು.

ಇದರ ಇನ್ನೊಂದು ಮುಖವನ್ನೂ ಮರೆಯಬಾರದು. ಇಷ್ಟು ಬರೆದ ಸರ್ ಸಯ್ಯದರ ಕಾಲೇಜಿನಲ್ಲೇ ಮುಖ್ಯ ಗುಮಾಸ್ತನೊಬ್ಬ ಲಕ್ಷ ರೂಪಾಯಿಗೂ ಮೀರಿ ನುಂಗಿದ್ದು 1895ರಲ್ಲಿ ಬೆಳಕಿಗೆ ಬಂತು. ಪತ್ರಿಕೆ ಇದ್ದ ಮಾತ್ರಕ್ಕೆ ಸಂಸ್ಥೆಯ ಲೆಕ್ಕ ತಾನಾಗಿ ಸರಿಯಾಗುವುದಿಲ್ಲ. ನಮ್ಮ ಕೆಲವು ಸಂಸ್ಥೆಗಳ ಫೇಸ್‌ಬುಕ್ ಪುಟಗಳಲ್ಲಿ ಶಾಲು ಹೊದಿಸಿದ ಫೋಟೋಗಳನ್ನು ನೋಡುವಾಗಲೆಲ್ಲ ನನಗೆ ಈ ಸಂಗತಿ ನೆನಪಾಗುತ್ತದೆ.

ಕನ್ನಡದಲ್ಲೂ ಇದು ಹೊಸತಲ್ಲ. ಶಾಲೆಯನ್ನು 'ಮಠ' ಎಂದೇ ಕರೆಯುತ್ತಿದ್ದ ಕಾಲದಲ್ಲಿ, 1865ರಲ್ಲಿ, 'ಮಠಪತ್ರಿಕೆ' ಶುರುವಾಯಿತು. ಅದು ಮಾಸ್ತರರಿಗಾಗಿಯೇ ಇದ್ದ ಪತ್ರಿಕೆ. ಮುಂದೆ ಅದೇ 'ಜೀವನ ಶಿಕ್ಷಣ'ವಾಯಿತು. ಹಳ್ಳಿಯ ಒಂಟಿ ಮಾಸ್ತರನಿಗೆ ಇನ್ನೊಂದು ಊರಿನ ಮಾಸ್ತರ ಏನು ಮಾಡುತ್ತಿದ್ದಾನೆ ಎಂದು ತಿಳಿಯಲು ಅಂದು ಅಂಚೆಯೊಂದೇ ದಾರಿಯಾಗಿತ್ತು. ಇಂದು ಅದೇ ಕೆಲಸ ಮುಖ್ಯೋಪಾಧ್ಯಾಯರ ಅಂಗೈಯಲ್ಲಿದೆ.

ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲೂಕುಗಳಲ್ಲಿ ಈ ಅಂಗೈಯ ಪತ್ರಿಕೆ ಮನೆಮನೆಗೆ ಬಂದದ್ದು ಕೊರೊನಾ ಕಾಲದಲ್ಲಿ. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ಆಗಸ್ಟ್‌ನಲ್ಲಿ ಸರಕಾರ 'ವಿದ್ಯಾಗಮ' ತಂದು ಮಕ್ಕಳನ್ನು ಮೂರು ಗುಂಪು ಮಾಡಿತು: ಸ್ಮಾರ್ಟ್‌ಫೋನ್ ಇರುವವರು, ಸಾದಾ ಮೊಬೈಲ್ ಇರುವವರು, ಏನೂ ಇಲ್ಲದವರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಿದರು. ಮಲೆನಾಡಿನಲ್ಲಿ ನಾಲ್ಕನೆಯ ಗುಂಪೂ ಒಂದಿತ್ತು, ಫೋನ್ ಇದ್ದೂ ಸಿಗ್ನಲ್ ಇಲ್ಲದವರದು. ಕಾಫಿ ತೋಟದ ಲೈನ್ ಮನೆಗಳಲ್ಲಿ ಇರುವ ಒಂದೇ ಫೋನ್ ಬೆಳಿಗ್ಗೆ ಅಪ್ಪನ ಜೊತೆ ತೋಟಕ್ಕೆ ಹೋಗಿ ಸಂಜೆ ವಾಪಸು ಬರುತ್ತಿತ್ತು. ಹತ್ತು ಗಂಟೆಗೆ ಕಳಿಸಿದ ಪಾಠವನ್ನು ಮಗು ನೋಡುವಾಗ ರಾತ್ರಿ ಎಂಟು.

ಆ ದಿನಗಳಲ್ಲಿ ನಾನು ಮಾಡಿದ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಅಲ್ಪಸಂಖ್ಯಾತರ ವಿದ್ಯಾರ್ಥಿವೇತನಕ್ಕೆ ಕಾಗದ ಬೇಕಾಗಿತ್ತು. "ಆಧಾರ್, ಪಾಸ್‌ಬುಕ್ ಫೋಟೋ ಕಳಿಸಿ" ಎಂದು ತರಗತಿಯ ಗುಂಪಿನಲ್ಲಿ ಬರೆದೆ. ನನಗೆ ಬೇರೆಯಾಗಿ ಕಳಿಸಬೇಕೆಂದು ಬರೆಯಲಿಲ್ಲ. ಅರ್ಧ ಗಂಟೆಯಲ್ಲಿ ಇಪ್ಪತ್ತು ಮನೆಗಳ ಆಧಾರ್, ಖಾತೆ ನಂಬರು, ಹೆಣ್ಣುಮಕ್ಕಳ ಫೋಟೋ ಎಲ್ಲವೂ ಎಲ್ಲರ ಮುಂದೆ ಬಿದ್ದಿದ್ದವು. ಒಬ್ಬ ತಂದೆ ಶಾಲೆಗೆ ಬಂದರು. ಬೈಯಲಿಲ್ಲ. "ಮೇಷ್ಟ್ರೇ, ನಿಮ್ಮ ಕೈಗೆ ಕೊಟ್ಟದ್ದು ಅಮಾನತ್ ಅಂತ ತಿಳಿದಿದ್ದೆ" ಎಂದರು, ಅಷ್ಟೇ.

ಆ ಮಾತಿನ ತೂಕ ಪೂರ್ತಿ ತಿಳಿದದ್ದು 2022ರಲ್ಲಿ. ಆ ಜನವರಿಯಲ್ಲಿ ನಮ್ಮ ಕೊಪ್ಪ ತಾಲೂಕಿನ ಬಾಳಗಡಿಯ ಸರಕಾರಿ ಪದವಿ ಕಾಲೇಜಿನಲ್ಲಿ ಕೆಲವು ವಿದ್ಯಾರ್ಥಿಗಳು ಹಿಜಾಬ್ ವಿರೋಧಿಸಿ ಕೇಸರಿ ಶಾಲು ಹಾಕಿ ಬಂದರು. ಕಾಲೇಜಿನವರು ಪೋಷಕರನ್ನು ಕರೆದು ಸಭೆ ನಡೆಸಿದರು. ಎದುರುಬದುರು ಕೂತು ಆಡಬೇಕಾದ ಮಾತೂ ಇರುತ್ತದೆ, ಅದಕ್ಕೆ ಯಾವ ಗುಂಪೂ ಸಾಲದು. ಫೆಬ್ರವರಿಯಲ್ಲಿ ಉಡುಪಿಯ ವಿದ್ಯಾರ್ಥಿನಿಯರ ಫೋನ್ ನಂಬರು ಮೊದಲಾದ ಖಾಸಗಿ ವಿವರಗಳು ವಾಟ್ಸಾಪಿನಲ್ಲಿ ಹರಿದಾಡಿದವು; ಅವರ ಪೋಷಕರು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ದೂರು ಕೊಟ್ಟರು. ಅವು ಎಲ್ಲಿಂದ ಹೊರಬಿದ್ದವೋ ಅದರ ಚರ್ಚೆ ಇಲ್ಲಿ ಬೇಡ. ಆದರೆ ಒಮ್ಮೆ ಹೊರಬಿದ್ದ ನಂಬರನ್ನು ಯಾವ ಮುಖ್ಯೋಪಾಧ್ಯಾಯರೂ ವಾಪಸು ತರಲಾರರು.

ಈಗ ಕಾನೂನೂ ಬಂದಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರೆಲ್ಲರನ್ನೂ ಮಕ್ಕಳೆಂದು ಎಣಿಸಿ, ಅವರ ವಿವರ ಬಳಸಲು ತಂದೆತಾಯಿಯ ಒಪ್ಪಿಗೆ ಕೇಳುತ್ತದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ, ಹಂತಹಂತವಾಗಿ ಜಾರಿಗೆ ಬರುವಂತಿವೆ. ವಾರ್ಷಿಕೋತ್ಸವದಲ್ಲಿ ನಾತ್ ಹಾಡಿದ ಹುಡುಗಿಯ ವಿಡಿಯೋವನ್ನು ಹೆಸರು, ತರಗತಿ, ಊರು ಸಮೇತ ಫೇಸ್‌ಬುಕ್‌ಗೆ ಹಾಕುವ ನಮ್ಮ ಆಡಳಿತ ಮಂಡಳಿಯವರು ಇದನ್ನು ಗಮನಿಸಬೇಕು. ಹೆಮ್ಮೆಯಿಂದಲೇ ಹಾಕುತ್ತಾರೆ, ನನಗೆ ಗೊತ್ತು. ಮೊದಲು ತಾಯಿಯನ್ನು ಕೇಳಿದರೆ ಹೆಮ್ಮೆ ಕಡಿಮೆಯಾಗುವುದಿಲ್ಲ.

ಹಾಗೆಂದು ಫೋನನ್ನು ದೂರ ಇಡಬೇಕೆಂದು ನಾನು ಹೇಳುತ್ತಿಲ್ಲ. ಇಟ್ಟರೆ ಆ ಜಾಗವನ್ನು ಸುಳ್ಳು ತುಂಬುತ್ತದೆ. ಜುಲೈ ತಿಂಗಳಲ್ಲಿ ಇದನ್ನು ಪ್ರತಿ ವರ್ಷ ಕಾಣುತ್ತೇವೆ. ಮಳೆ ಜೋರಾದ ರಾತ್ರಿ "ನಾಳೆ ರಜೆ" ಎಂಬ ಆದೇಶದ ಫೋಟೋ ಬರುತ್ತದೆ. ಹಿಗ್ಗಿಸಿ ನೋಡಿದರೆ ಹೋದ ವರ್ಷದ ತಾರೀಕು. ಮಕ್ಕಳು ಮನೆಯಲ್ಲಿ, ಮೇಷ್ಟ್ರು ಶಾಲೆಯಲ್ಲಿ! ಇನ್ನೊಮ್ಮೆ ನಿಜವಾದ ರಜೆಯ ಸುದ್ದಿ ತಲುಪದೆ ಮಕ್ಕಳು ಹಳ್ಳ ದಾಟಿ ಬಂದಿರುತ್ತಾರೆ.

ಆದ್ದರಿಂದ ನಮ್ಮಲ್ಲಿ ಈಗ ಮುಖ್ಯೋಪಾಧ್ಯಾಯರು ಮಾತ್ರ ಬರೆಯಬಹುದಾದ ಪ್ರಕಟಣೆಯ ಗುಂಪು ಒಂದಿದೆ. ರಾತ್ರಿ ಎಂಟೂವರೆಗೆ, ತಾರೀಕು ಹಾಕಿ, ಕನ್ನಡದಲ್ಲಿ ನಾಲ್ಕು ಸಾಲು. ಅದನ್ನೇ ಉರ್ದುವಿನಲ್ಲಿ ನಾನು ಓದಿ ಧ್ವನಿ ಸಂದೇಶ ಕಳಿಸುತ್ತೇನೆ, ಬ್ಯಾರಿಯಲ್ಲಿ ನಮ್ಮ ಇನ್ನೊಬ್ಬ ಶಿಕ್ಷಕಿ. ಓದು ಬಾರದ ತಾಯಂದಿರು ಅದನ್ನೇ ಕೇಳುವುದು. ತಿಂಗಳಿಗೊಮ್ಮೆ ದಾನಿಗಳ ಹಣ ಯಾವುದಕ್ಕೆ ಖರ್ಚಾಯಿತು ಎಂಬ ಪಟ್ಟಿ ರಶೀದಿ ಸಮೇತ ಬರುತ್ತದೆ. ಅಂಕ, ಫೀಸು ಬಾಕಿ, ಮಗುವಿನ ದೂರು ಗುಂಪಿಗೆ ಬರುವುದಿಲ್ಲ. ಅವಕ್ಕೆ ಆ ಮನೆಗೇ ಫೋನ್. ಮೊದಲ ವರ್ಷ ಕೆಲವು ಪೋಷಕರು "ನಮಗೆ ಉತ್ತರ ಬರೆಯಲು ಬಿಡುವುದಿಲ್ಲವೇ?" ಎಂದು ಸಿಟ್ಟಾದರು. ಅವರ ಸಿಟ್ಟು ನ್ಯಾಯವೇ. ಈಗ ಶನಿವಾರ ಮಧ್ಯಾಹ್ನ ಮುಖ್ಯೋಪಾಧ್ಯಾಯರು ಕಚೇರಿಯಲ್ಲಿ ಕೂರುತ್ತಾರೆ, ಬಂದವರ ಪ್ರಶ್ನೆಗೆ ಉತ್ತರ ಕೊಡುತ್ತಾರೆ. ಕರೆಂಟು ಹೋಗಿ ಟವರ್ ಸತ್ತ ದಿನ ಅದೇ ನಾಲ್ಕು ಸಾಲನ್ನು ಕಾಗದದಲ್ಲಿ ಬರೆದು ಬಸ್ ನಿಲ್ದಾಣದ ಅಂಗಡಿಗೂ ಮಸೀದಿಯ ಬೋರ್ಡಿಗೂ ಅಂಟಿಸಿ ಬರುವುದು ನನ್ನ ಪಾಲಿನ ಕೆಲಸ.