ಲಿನಕ್ಸ್ ಗಣಕಯಂತ್ರದಲ್ಲಿ ಬಾರ್‌ಕೋಡ್ ಸ್ಕ್ಯಾನರ್ ಬಳಕೆ: ಗ್ರಂಥಾಲಯ ಸಿಬ್ಬಂದಿಗೆ ಮಾಹಿತಿ

ಪುಸ್ತಕಗಳ ಎರವಲು ಹಾಗೂ ಹಿಂದಿರುಗಿಸುವಿಕೆಯನ್ನು ದಾಖಲಿಸುವಾಗ ಸಂಖ್ಯೆಗಳನ್ನು ಕೈಯಿಂದ ಟೈಪು ಮಾಡಿದಲ್ಲಿ ತಪ್ಪುಗಳಾಗುವುದು ಸಹಜ. 10452 ಎಂಬುದು 10425 ಆದರೆ, ಓದುಗರು ಕೊಂಡೊಯ್ಯದ ಪುಸ್ತಕವು ಅವರ ಹೆಸರಿನಲ್ಲಿ ದಾಖಲಾಗಿ, ದಂಡದ ಸೂಚನೆಯೂ ಅವರಿಗೇ ತಲುಪುತ್ತದೆ. ಕೈಯಲ್ಲಿ ಹಿಡಿದು ಬಳಸುವ ಬಾರ್‌ಕೋಡ್ ಸ್ಕ್ಯಾನರ್ ಇಂತಹ ತಪ್ಪುಗಳನ್ನು ಬಹುಮಟ್ಟಿಗೆ ನಿವಾರಿಸುತ್ತದೆ.

ಜೋಡಣೆ

ಯು.ಎಸ್.ಬಿ. ಮೂಲಕ ಜೋಡಿಸುವ ಬಹುತೇಕ ಸ್ಕ್ಯಾನರ್‌ಗಳನ್ನು ಗಣಕಯಂತ್ರವು ಮತ್ತೊಂದು ಕೀಲಿಮಣೆಯೆಂದೇ ಗುರುತಿಸುತ್ತದೆ. ಆದುದರಿಂದ ಲಿನಕ್ಸ್‌ನಲ್ಲಿ ಪ್ರತ್ಯೇಕ ಚಾಲಕ ತಂತ್ರಾಂಶವನ್ನು ಅಳವಡಿಸುವ ಅಗತ್ಯವಿರುವುದಿಲ್ಲ. ಜೊತೆಗೆ ಬಂದ ಸಿ.ಡಿ. ವಿಂಡೋಸ್‌ಗೆ ಮಾತ್ರ ಸಂಬಂಧಿಸಿದ್ದೆಂಬ ಕಾರಣಕ್ಕೆ ಸಾಧನವನ್ನು ಮೂಲೆಗಿಡಬೇಕಾಗಿಲ್ಲ.

ಸಾಮಾನ್ಯ ಪಠ್ಯ ಸಂಪಾದಕವನ್ನು ತೆರೆದು ಯಾವುದಾದರೂ ಬಾರ್‌ಕೋಡನ್ನು ಓದಿಸಿ ನೋಡಬೇಕು. ಸಂಖ್ಯೆ ಮೂಡಿ ಕರ್ಸರ್ ಮುಂದಿನ ಸಾಲಿಗೆ ಹೋದರೆ ಸಾಧನವು ಸಿದ್ಧವಾಗಿದೆಯೆಂದು ತಿಳಿಯಬಹುದು. ಕರ್ಸರ್ ಅದೇ ಸಾಲಿನಲ್ಲಿ ನಿಂತಲ್ಲಿ, ಸಂಖ್ಯೆಯ ನಂತರ ‘ಎಂಟರ್’ ಸೇರಿಸುವ ಸಂಕೇತವನ್ನು ಕೈಪಿಡಿಯಿಂದ ಓದಿಸಬೇಕು. ಏನೂ ಮೂಡದಿದ್ದಲ್ಲಿ ಸ್ಕ್ಯಾನರ್ ಸೀರಿಯಲ್ ವಿಧಾನದಲ್ಲಿರುವ ಸಾಧ್ಯತೆಯಿದೆ, ಆಗ ‘ಯು.ಎಸ್.ಬಿ. ಕೀಬೋರ್ಡ್’ ಸಂಕೇತವನ್ನು ಓದಿಸಬೇಕು. ಈ ಸಂಕೇತಗಳು ಕೈಪಿಡಿಯಲ್ಲಿಯೇ ಮುದ್ರಿತವಾಗಿರುವುದರಿಂದ, ಸ್ಕ್ಯಾನರ್‌ನಷ್ಟೇ ಜೋಪಾನವಾಗಿ ಕೈಪಿಡಿಯನ್ನೂ ಕಾಯ್ದಿರಿಸತಕ್ಕದ್ದು.

ಕನ್ನಡ ಕೀಲಿಮಣೆ ವಿನ್ಯಾಸ

ಸ್ಕ್ಯಾನರ್ ಕಳುಹಿಸುವುದು ಅಕ್ಷರಗಳನ್ನಲ್ಲ, ಕೀಲಿ ಒತ್ತಿದ ಸೂಚನೆಗಳನ್ನು. ಶೀರ್ಷಿಕೆಯನ್ನು ಕನ್ನಡದಲ್ಲಿ ನಮೂದಿಸಿದ ಬಳಿಕ ವಿನ್ಯಾಸವನ್ನು ಇಂಗ್ಲಿಷಿಗೆ ಬದಲಿಸದೆ ಬಾರ್‌ಕೋಡ್ ಓದಿಸಿದರೆ, ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡ ಅಕ್ಷರಗಳೂ, ಕೆಲವು ವಿನ್ಯಾಸಗಳಲ್ಲಿ ಕನ್ನಡ ಅಂಕಿಗಳೂ ಮೂಡುತ್ತವೆ. ತಂತ್ರಾಂಶವು ಆ ಪುಸ್ತಕವೇ ಇಲ್ಲವೆಂದು ತಿಳಿಸುತ್ತದೆ. ಇದನ್ನು ಸ್ಕ್ಯಾನರ್‌ನ ದೋಷವೆಂದು ಭಾವಿಸಿ ದುರಸ್ತಿಗೆ ಕಳುಹಿಸಬಾರದು. ಹಾಗೆಯೇ, ಸಂಖ್ಯೆಯು ಕರ್ಸರ್ ಇರುವಲ್ಲಿಯೇ ಬೀಳುವುದರಿಂದ, ಓದಿಸುವ ಮುನ್ನ ಪರದೆಯತ್ತ ಒಮ್ಮೆ ನೋಡುವುದು ಒಳ್ಳೆಯದು.

ಯಾವ ಬಾರ್‌ಕೋಡ್?

ಪುಸ್ತಕದ ಹಿಂಬದಿಯಲ್ಲಿ ಪ್ರಕಾಶಕರು ಮುದ್ರಿಸುವ ಬಾರ್‌ಕೋಡ್ ಐ.ಎಸ್.ಬಿ.ಎನ್. ಸಂಖ್ಯೆಯದು. 2007ರ ಜನವರಿ 1ರಿಂದ ಇದು 13 ಅಂಕಿಗಳದ್ದಾಗಿದ್ದು, ಭಾರತದ ಪುಸ್ತಕಗಳಲ್ಲಿ ಸಾಮಾನ್ಯವಾಗಿ 97881 ಅಥವಾ 97893 ಎಂದು ಆರಂಭವಾಗುತ್ತದೆ. ಒಂದು ಆವೃತ್ತಿಯ ಎಲ್ಲ ಪ್ರತಿಗಳಿಗೂ ಇದು ಒಂದೇ. ಗ್ರಂಥಾಲಯದಲ್ಲಿ ಒಂದೇ ಪುಸ್ತಕದ ಐದು ಪ್ರತಿಗಳಿದ್ದರೆ ಯಾವುದು ಯಾರ ಬಳಿಯಿದೆಯೆಂದು ಇದರಿಂದ ತಿಳಿಯದು. ಹೊಸ ಪುಸ್ತಕದ ವಿವರಗಳನ್ನು ಹುಡುಕಲು ಮಾತ್ರ ಇದನ್ನು ಬಳಸಬೇಕು. ಎರವಲಿಗೆ ಪ್ರತಿಯೊಂದು ಪ್ರತಿಯ ಪರಿಗ್ರಹಣ ಸಂಖ್ಯೆಯುಳ್ಳ ಪ್ರತ್ಯೇಕ ಚೀಟಿ ಅವಶ್ಯಕ. ನ್ಯೂಜಿಲೆಂಡಿನಲ್ಲಿ ರೂಪುಗೊಂಡು 2000ನೇ ಇಸವಿಯಿಂದ ಬಳಕೆಗೆ ಬಂದ ‘ಕೋಹ’ ಎಂಬ ಮುಕ್ತ ತಂತ್ರಾಂಶದಲ್ಲಿ ಇಂತಹ ಚೀಟಿಗಳನ್ನು ಸಿದ್ಧಪಡಿಸಿಕೊಳ್ಳಬಹುದು.

ಚೀಟಿಗಳಿಗೆ ಕೋಡ್ 39 ಮತ್ತು ಕೋಡ್ 128 ಎರಡೂ ಬಳಕೆಯಲ್ಲಿವೆ. ಮೊದಲನೆಯದರಲ್ಲಿ ಪರಿಶೀಲನಾ ಚಿಹ್ನೆ ಐಚ್ಛಿಕ, ಎರಡನೆಯದರಲ್ಲಿ ಕಡ್ಡಾಯ. ಹೊಸದಾಗಿ ಆರಂಭಿಸುವವರಿಗೆ ಕೋಡ್ 128 ಸೂಕ್ತ. ಗೆರೆಗಳ ಕೆಳಗೆ ಸಂಖ್ಯೆಯನ್ನೂ ಮುದ್ರಿಸತಕ್ಕದ್ದು. ವಿದ್ಯುತ್ ಇಲ್ಲದ ವೇಳೆಯಲ್ಲಿ ಅದನ್ನು ನೋಡಿ ವಹಿಯಲ್ಲಿ ಬರೆದುಕೊಂಡು, ತದನಂತರ ಗಣಕಯಂತ್ರಕ್ಕೆ ದಾಖಲಿಸಬಹುದು.